ಕಾಶವ್ವ ತಂದ ಏಳು ಪತ್ರ

ಯಶವಂತಪುರದ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕಾಶವ್ವನ ಕಣ್ಣು ತಪ್ಪಿಸಿ ಒಂದು ಅಂಗಿಯೂ ಹೊರಗೆ ಹೋದದ್ದಿಲ್ಲ. ಹದಿನಾರು ವರ್ಷದಿಂದ ಅವಳು ಅಲ್ಲಿ ಚೆಕ್ಕರ್. ಹೊಲಿಗೆ ಬಿಟ್ಟಲ್ಲಿ, ಕಾಲರ್ ಸೊಟ್ಟಾದಲ್ಲಿ ಬಾಣದ ಗುರುತಿನ ಸ್ಟಿಕ್ಕರ್ ಅಂಟಿಸಿ ರಿಪೇರಿಗೆ ವಾಪಸ್ ಕಳಿಸುವುದು ಅವಳ ಕೆಲಸ. ವಿಜಯಪುರದ ಕಡೆಯಿಂದ ಬೆಂಗಳೂರಿಗೆ ಬಂದಾಗ ತಾಯಿಯಿಲ್ಲದ ಏಳು ವರ್ಷದ ತಮ್ಮ ಶಿವಪ್ರಕಾಶ ಅವಳ ಸೆರಗು ಹಿಡಿದಿದ್ದ. ಈಗ ಅವನಿಗೆ ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸ. ಅದೇ ಬೈಕಿನ ಚೀಲದಲ್ಲಿ, ಹೆಬ್ಬಾಳ ಫ್ಲೈಓವರ್ ಕೆಳಗೆ, ಪೊಲೀಸರಿಗೆ ಗಾಂಜಾದ ಸಣ್ಣ ಪೊಟ್ಟಣ ಸಿಕ್ಕಿ ಹನ್ನೆರಡು ದಿನವಾಗಿತ್ತು.

ಇವತ್ತು ಜಾಮೀನು ಅರ್ಜಿಯ ವಿಚಾರಣೆ. ಕಾಶವ್ವ ಎದ್ದಾಗಿನಿಂದ ನಿಂತಲ್ಲಿ ನಿಂತಿರಲಿಲ್ಲ. ಉಚಿತ ಕಾನೂನು ನೆರವಿನಿಂದ ಸಿಕ್ಕ ವಕೀಲೆ ರಕ್ಷಾ ಜಾಮೀನಿನ ಜೊತೆಗೇ ಇನ್ನೊಂದು ಕೋರಿಕೆ ಇಟ್ಟಿದ್ದಳು: ಹುಡುಗನನ್ನು ಯಲಹಂಕದ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಲು ಬಿಡಬೇಕು. ಅಲ್ಲಿ ಒಂದು ಹಾಸಿಗೆ ನಾಳೆ ಸಂಜೆಯವರೆಗೆ ಮಾತ್ರ ಅವನಿಗಾಗಿ ಖಾಲಿ ಇತ್ತು.

ಕಾಶವ್ವ ಸುಮ್ಮನೆ ಕೂತವಳಲ್ಲ. ಬಾಡಿಗೆ ಮನೆ ಹಿಡಿಯಲಿ, ಕೆಲಸಕ್ಕೆ ಸೇರಲಿ, ಹೆಣ್ಣು ನೋಡಲಿ, ಅವಳ ಬೀದಿಯಲ್ಲಿ ಮೊದಲು ಹುಡುಕುವುದು ನಾಲ್ಕು ಜನರ ಒಳ್ಳೆಯ ಮಾತು. ಐದು ದಿನ ಶಿಫ್ಟ್ ಮುಗಿಸಿ ಬ್ಯಾಟರಾಯನಪುರದ ಗಲ್ಲಿಗಲ್ಲಿ ತಿರುಗಿ ಏಳು ಪತ್ರ ಬರೆಸಿಕೊಂಡಿದ್ದಳು. ಟ್ಯೂಶನ್ ಮೇಷ್ಟ್ರು, ಗಣೇಶೋತ್ಸವ ಸಮಿತಿಯವರು, ಮನೆ ಮಾಲೀಕ ಮುನಿವೆಂಕಟಯ್ಯ, ಎಲ್ಲರೂ ಬರೆದದ್ದು ಒಂದೇ: ಈ ಹುಡುಗನಿಗೆ ಯಾವ ದುಶ್ಚಟವೂ ಇಲ್ಲ. ಬೆಳಿಗ್ಗೆ ಜಾಮೀನು ನಿಲ್ಲಲು ಬಂದ ಮುನಿವೆಂಕಟಯ್ಯನ ಕಾಗದಗಳ ನಡುವೆ ಆ ಪತ್ರಗಳನ್ನೂ ಸೇರಿಸಿ ಕೋರ್ಟಿನ ಬಾಗಿಲಲ್ಲಿ ರಕ್ಷಾಳ ಕೈಗೆ ಕೊಟ್ಟಳು. ಅವಸರದಲ್ಲಿ ಅವಳು ತೆರೆದು ನೋಡದೆ ಫೈಲಿಗೆ ಸೇರಿಸಿ ಒಳಗೆ ಕಳಿಸಿಬಿಟ್ಟಳು.

ಹನ್ನೊಂದೂವರೆಗೆ ಹೆಸರು ಕೂಗಿದರು. ಸರ್ಕಾರಿ ವಕೀಲರು ಪುಟ ತಿರುವುತ್ತಾ ತಿರುವುತ್ತಾ ನಕ್ಕರು.

"ಸ್ವಾಮಿ, ಚಟವೇ ಇಲ್ಲ ಅಂತ ಏಳು ಜನ ಬರೆದುಕೊಟ್ಟಿದ್ದಾರೆ. ಚಟ ಇಲ್ಲದವನಿಗೆ ಚಿಕಿತ್ಸೆ ಯಾತಕ್ಕೆ? ಸೇದೋಕಲ್ಲ ಅಂದ್ಮೇಲೆ ಆ ಪೊಟ್ಟಣ ಮಾರೋಕೇ ಇಟ್ಟಿದ್ದು ಅಂತಾಯ್ತು."

ರಕ್ಷಾ ಗರಕ್ಕನೆ ಹಿಂದೆ ತಿರುಗಿ ನೋಡಿದಳು. "ಏನ್ ಮಾಡ್ಬಿಟ್ರಿ ಅಕ್ಕ!" ಅವಳ ತುಟಿ ಮಾತ್ರ ಅಲ್ಲಾಡಿತು. ಕಟಕಟೆಯಲ್ಲಿದ್ದ ಶಿವಪ್ರಕಾಶ ತಲೆ ಎತ್ತಲಿಲ್ಲ.

"ಈ ಪತ್ರ ಯಾರು ತಂದದ್ದು?" ನ್ಯಾಯಾಧೀಶರು ಕೇಳಿದರು.

ಕಾಶವ್ವ ಎದ್ದುನಿಂತಳು.

"ನಾನ ರೀ ಸಾಹೇಬ್ರ. ಅವರು ಸುಳ್ಳು ಬರ್ದಿಲ್ರಿ. ಅವರಿಗೆ ಗೊತ್ತಿಲ್ಲ. ನನಗ ಗೊತ್ತದ."

"ಏನು ಗೊತ್ತು?"

"ಎರಡು ವರ್ಷಾತ್ರಿ, ಸೇದತಾನ. ಅವನ ಅಂಗಿ ಬಲತೋಳು ನೋಡ್ರಿ. ಕಿಡಿ ಬಿದ್ದು ಸುಟ್ಟ ತೂತು. ನಾನ ರಫೂ ಮಾಡೀನಿ, ಮಂದಿಗೆ ಕಾಣಬಾರದಂತ. ದಿಂಬಿನ ಚೀಲಾನೂ ಹಂಗ. ಫ್ಯಾಕ್ಟರ್‍ಯಾಗ ಸಾವಿರ ಅಂಗಿಗೆ ತಪ್ಪು ಇಲ್ಲೈತಿ ಅಂತ ಬಾಣ ಹಚ್ಚತೀನ್ರಿ. ಮನ್ಯಾಗ ನಾನ ಮುಚ್ಚಿಟ್ಟೆ."

ಶಿವಪ್ರಕಾಶ ತೋಳು ಎತ್ತಿ, ತನಗೇ ಗೊತ್ತಿಲ್ಲದ ಯಾವುದೋ ಬರಹ ಓದುವವನಂತೆ, ಆ ಸಣ್ಣ ನೂಲಿನ ಗಂಟುಗಳನ್ನು ನೋಡಿದ. ಒಂದು, ಎರಡು, ಐದು. ಅಕ್ಕನಿಗೆ ಇಷ್ಟು ದಿನವೂ ಗೊತ್ತಿತ್ತು! ಜೈಲಿಗೆ ಹೋಗಿ ರಕ್ಷಾ ಚಿಕಿತ್ಸೆಗೆ ಒಪ್ಪುತ್ತೀಯಾ ಎಂದು ಎಷ್ಟು ಕೇಳಿದರೂ 'ನಿಮ್ಮಿಷ್ಟ ಮೇಡಂ' ಎಂದಷ್ಟೇ ಹೇಳಿದ್ದವನು ಈಗ ಬಾಯಿಬಿಟ್ಟ.

"ಹೌದು ಸರ್. ಬಿಡ್ಬೇಕು ಅನ್ಕೋತೀನಿ, ನನ್ನೊಬ್ಬನ್ ಕೈಲಿ ಆಗ್ತಿಲ್ಲ. ಟ್ರೀಟ್‌ಮೆಂಟ್‌ಗೆ ಹೋಗ್ತೀನಿ. ನಾನೇ ಕೇಳ್ಕೊತಿದೀನಿ, ಕಳ್ಸಿ."

ನ್ಯಾಯಾಧೀಶರು ಬರೆದುಕೊಂಡರು. ಆಮೇಲೆ ಕನ್ನಡಕದ ಮೇಲಿಂದ ಮುನಿವೆಂಕಟಯ್ಯನನ್ನು ನೋಡಿದರು. "ನೀವೂ ಚಟ ಇಲ್ಲ ಅಂತ ಬರೆದಿದ್ದೀರಿ. ಈಗಲೂ ಜಾಮೀನು ನಿಲ್ತೀರಾ?"

ಮುದುಕ ಹೆಗಲ ಟವೆಲ್ಲು ತೆಗೆದು ಕಂಕುಳಲ್ಲಿಟ್ಟುಕೊಂಡ.

"ಇಂಗೆ ಅಂತ ಗೊತ್ತಿರ್ಲಿಲ್ಲ ಬುದ್ಧಿ. ಆದ್ರೆ ಯಾವ ಚಟಾನೂ ಇಲ್ದೋನ್ಗೆ ನನ್ನ ಜಾಮೀನ್ಯಾಕೆ? ಇಂಥೋನ್ಗೇ ತಾನೆ ಬೇಕಾಗಿರೋದು!"

ಸರ್ಕಾರಿ ವಕೀಲರೂ ನಕ್ಕುಬಿಟ್ಟರು. ನ್ಯಾಯಾಧೀಶರ ದನಿ ಕಾಶವ್ವನ ಕಿವಿಗೆ ತುಂಡುತುಂಡಾಗಿ ಬಿತ್ತು: ಜಾಮೀನು ಮಂಜೂರು... ಬಿಡುಗಡೆಯಾದ ಕೂಡಲೇ ಕೇಂದ್ರಕ್ಕೆ... ದಾಖಲಾದ ಪತ್ರ ಕೋರ್ಟಿಗೆ... ಅವಳು ರಕ್ಷಾಳ ಕೈಯನ್ನು ಎಷ್ಟು ಜೋರಾಗಿ ಹಿಡಿದಳೆಂದರೆ ಬಳೆಯೊಂದು ಒಡೆಯಿತು.

"ಇನ್ಮೇಲೆ ಏನ್ ತಂದ್ರೂ ನನಗೆ ಮೊದ್ಲು ತೋರ್ಸಿ ಅಕ್ಕ. ನಾನೂ ಓದ್ದೇ ಏನೂ ಕೊಡಲ್ಲ," ರಕ್ಷಾ ಅಳುತ್ತಾ ನಗುತ್ತಾ ಹೇಳಿದಳು.

ಮರುದಿನ ಮಧ್ಯಾಹ್ನ ಜೈಲಿನಿಂದ ಅಕ್ಕತಮ್ಮರನ್ನು ಹೊತ್ತ ಆಟೋ ಹೆಬ್ಬಾಳದ ಜಾಮ್ ದಾಟಿ ಯಲಹಂಕದತ್ತ ಓಡಿತು. ಪುಟ್ಟೇನಹಳ್ಳಿ ಕೆರೆಯ ಮೇಲಿಂದ ಬಿಳಿಯ ಹಕ್ಕಿಗಳ ಹಿಂಡು ಒಮ್ಮೆಲೇ ಎದ್ದಿತು. ಕೇಂದ್ರದ ಗೇಟಿನಲ್ಲಿ ಇಳಿದಾಗ ಶಿವಪ್ರಕಾಶ ಅಂಗಿಯ ಅಂಚು ಹಿಡಿದು ತೋರಿಸಿದ.

"ಅಕ್ಕಾ, ಇಲ್ಲೊಂದು ತೂತು ಉಳಿದೈತಿ ನೋಡು. ನಿನ್ನ ಕಣ್ಣಿಗ ಬಿದ್ದಿಲ್ಲ."

ಕಾಶವ್ವ ಬಗ್ಗಿ ನೋಡಿದಳು. ಕೈ ತಾನಾಗಿಯೇ ಚೀಲದ ಸೂಜಿ ಡಬ್ಬಿಯತ್ತ ಹೋಗಿ, ನಿಂತಿತು.

"ಇರ್ಲಿ ಬಿಡು. ಒಳಗ ಡಾಕ್ಟರ್ ಕೇಳಿದ್ರ ತೋರ್ಸು," ಎಂದು ಅವನ ಬೆನ್ನಿಗೆ ಅಂಗೈಯಿಟ್ಟು ಗೇಟಿನೊಳಗೆ ನೂಕಿದಳು.