ಹೆಬ್ಬಾಳದಲ್ಲಿ ‘ಕಸಿನ್’

ಹಾಸನದಿಂದ ರೈಲಿನಲ್ಲಿ ಯಶವಂತಪುರಕ್ಕೆ ಬಂದಿಳಿದು ಹೆಬ್ಬಾಳದ ಆಸ್ಪತ್ರೆ ತಲುಪಿದಾಗ ಹನ್ನೊಂದು ಗಂಟೆ. ಹಿಂದಿನ ದಿನ ಬೈಕಿನಿಂದ ಬಿದ್ದ ಹರೀಶಣ್ಣ ಐಸಿಯುನಲ್ಲಿದ್ದ. ಪ್ರಜ್ಞೆ ಬಂದಿದೆಯೋ ಇಲ್ಲವೋ, ಯಾರೂ ಹೇಳಿರಲಿಲ್ಲ. ಬಾಗಿಲಲ್ಲಿ ವಯಸ್ಸಾದ ಸೆಕ್ಯುರಿಟಿಯವರೊಬ್ಬರು ರಿಜಿಸ್ಟರ್ ಹಿಡಿದು ಕೂತಿದ್ದರು.

“ಪೇಶೆಂಟು ನಿಮ್ಗೆ ಏನಾಗ್ಬೇಕವ್ವಾ?”

ಪೇಟೆಯ ಆಸ್ಪತ್ರೆಯಲ್ಲವೇ ಎಂದು “ಕಸಿನ್” ಎಂದೆ.

“ಕಸಿನ್‌ಗಳ್ನೆಲ್ಲ ಬಿಡಂಗಿಲ್ಲ. ಎಂಡ್ತಿ, ಮಕ್ಳು, ಒಡವುಟ್ಟಿದೋರು, ಅಷ್ಟೇಯ.”

ನಾನು ಹಾಸನದಿಂದ ಬಂದ ರೈಲು ಟಿಕೆಟ್ ತೆಗೆದು ತೋರಿಸಿದೆ. ಅವರು ಅದನ್ನು ನೋಡಿ ಪೆನ್ನು ಕೆಳಗಿಟ್ಟರು.

“ಕಸಿನ್ ಅಂದ್ರೆ ಯಾವ ಕಡೆಯಿಂದ?”

“ದೊಡ್ಡಮ್ಮನ ಮಗ.”

“ಅಂಗಂದ್ರೆ ಅಣ್ಣ ಅಲ್ವೇನವ್ವಾ. ಸೋದರತ್ತೆ ಮಗ ಆಗಿದ್ರೆ ಮದ್ವೆ ಆಗೋ ವರಸೆ, ಆ ಮಾತೇ ಬೇರೆ. ಅಕ್ಕತಂಗೀರ ಮಕ್ಳನ್ನ ಎಂಗೆ ತಡೀಲಿ?”

ರಿಜಿಸ್ಟರಿನಲ್ಲಿ ನಿಧಾನವಾಗಿ ‘ತಂಗಿ’ ಎಂದು ಬರೆದು, ಚಪ್ಪಲಿ ಬಿಡಲು ಹೇಳಿ ಬಾಗಿಲು ತೆರೆದರು.

ಹರೀಶಣ್ಣನ ತಲೆಗೆ ಬ್ಯಾಂಡೇಜು ಸುತ್ತಿದ್ದರು. ಮಂಚದ ಹತ್ತಿರ ಹೋದಾಗ ಕಣ್ಣು ಬಿಟ್ಟು, ಸ್ವಲ್ಪ ಹೊತ್ತು ನನ್ನನ್ನೇ ನೋಡಿ, “ರೈಲಲ್ಲಿ ಸೀಟ್ ಸಿಕ್ತೇನೇ?” ಎಂದ.

“ಸಿಕ್ತು ಅಣ್ಣ” ಎಂದು ಅವನ ಹೊದಿಕೆ ಸರಿಮಾಡಿದೆ.