ಮುಂದಿನ ಸಾಲಿನ ಟಿಕೆಟ್

ವಕೀಲಿಕೆ ಮಾಡುವ ನನ್ನ ಅಕ್ಕನ ಜೊತೆ ನಾಟಕಕ್ಕೆ ಹೋಗುವುದೆಂದರೆ ಕೋರ್ಟಿಗೆ ಹೋದ ಹಾಗೆಯೇ. ಎಲ್ಲಿ ಅನ್ಯಾಯ ಕಂಡರೂ ಅವಳ ನಾಲಿಗೆ ತುರಿಸುತ್ತದೆ. ನನಗೆ ಅದು ಕಿರಿಕಿರಿ, ಒಳಗೊಳಗೆ ಹೆಮ್ಮೆಯೂ ಹೌದು.

ಈ ವರ್ಷ ಬೋಳಾರದ ಮೈದಾನದಲ್ಲಿ ಒಂದು ತುಳು ಹಾಸ್ಯ ನಾಟಕ ಇತ್ತು. ಸಂಜೆ ನಾವಿಬ್ಬರೂ ಗೇಟಿನ ಹತ್ತಿರ ಚಹಾ ಕುಡಿಯುತ್ತಿದ್ದಾಗ ಮಣ್ಣಗುಡ್ಡದ ನಮ್ಮ ನೆರೆಮನೆಯ ಕಾಕ ಕಂಡರು. ಚಪ್ಪಲಿ ಅಂಗಡಿ ಇಟ್ಟಿರುವ ಬ್ಯಾರಿ ಸಮುದಾಯದ ಹಿರಿಯರು. ಪಕ್ಕದಲ್ಲಿ ಅವರ ಹೆಂಡತಿ, ನಾವು ಮಾಮಿ ಎಂದು ಕರೆಯುವವರು. ಮಾಮಿಗೆ ಈಚೆಗೆ ಕಿವಿ ಮಂದ. ಕಿವಿಗೆ ಮೆಷಿನು ಹಾಕಿದರೆ ಬರೀ ಶಿಳ್ಳೆ ಕೇಳುತ್ತದಂತೆ. ವೇದಿಕೆಯ ಹತ್ತಿರ ಕೂತು ತುಟಿ ನೋಡುತ್ತಿದ್ದರೆ ಮಾತ್ರ ಮಾತು ಹತ್ತುತ್ತದೆ. ಅದಕ್ಕೇ ದುಬೈಯಲ್ಲಿರುವ ಮಗ ಮುಂದಿನ ಸಾಲಿನ ಟಿಕೆಟ್ ಕಳಿಸಿದ್ದ. ಸಂಘಟಕರ ಬಳಿ ಮುಗಿದುಹೋಗಿದ್ದರಿಂದ ಆನ್‌ಲೈನಿನಲ್ಲಿ ಮರುಮಾರಾಟದವರಿಂದ ಕೊಂಡದ್ದು. ದರ ಮೂರು ಪಟ್ಟು. ಹಣ ಕಟ್ಟುವ ಕೊನೆಯ ಗಳಿಗೆಯಲ್ಲಿ ಅದರ ಮೇಲೆ ಸೇವಾ ಶುಲ್ಕ ಬೇರೆ.

"ಸೇವೆ ಎಂತ ಮಾಡಿದ್ದು ಅಂತ ನನಗೆ ಇನ್ನೂ ಗೊತ್ತಾಗ್ಲಿಲ್ಲ ಮಾರಾಯ್ತಿ," ಎಂದು ಕಾಕ ನಕ್ಕರು.

ಅಕ್ಕ ನಗಲಿಲ್ಲ. "ಮೊದಲು ಒಂದು ರೇಟು ತೋರ್ಸಿ ಕೊನೆಗೆ ಶುಲ್ಕ ಸೇರ್ಸುದು ತಪ್ಪು, ಕಾಕ. ಅದಕ್ಕೆ ನಿಯಮ ಉಂಟು. ಮೊಬೈಲಲ್ಲಿ ಬಂದ ಟಿಕೆಟ್, ರಸೀದಿ ಎಲ್ಲ ನನಗೆ ಕಳಿಸಿ," ಎಂದಳು.

ಗೇಟಿನಲ್ಲಿ ಇನ್ನೊಂದು ಪೇಚು ಕಾದಿತ್ತು. ಟಿಕೆಟಿನಲ್ಲಿದ್ದದ್ದು ಯಾರದೋ ಹೆಸರು. "ಬೇರೆಯವರ ಟಿಕೆಟಿಗೆ ಪ್ರವೇಶ ಇಲ್ಲ" ಎಂದು ಸಂಘಟಕರು ಪಕ್ಕದ ಬೋರ್ಡು ತೋರಿಸಿದರು. ಬ್ಲ್ಯಾಕಿನ ಕಾಟ ತಡೆಯಲು ಹಾಕಿದ್ದಂತೆ. ಕಾಕ ಮಾಮಿಯ ಕೈ ಹಿಡಿದು ಮನೆಗೆ ಹೊರಡಲು ತಿರುಗಿದರು. ಏನಾಯಿತೆಂದು ಮಾಮಿಗೆ ಅರ್ಥವಾಗಿರಲಿಲ್ಲ. ನಮ್ಮ ಮುಖಗಳನ್ನೇ ಒಂದೊಂದಾಗಿ ನೋಡುತ್ತಿದ್ದರು.

ಅಕ್ಕ ಚಹಾದ ಲೋಟ ನನ್ನ ಕೈಗೆ ತುರುಕಿದಳು. "ಈ ಬೋರ್ಡು ಯಾವಾಗ ಹಾಕಿದ್ದು?"

"ಇವತ್ತು ಬೆಳಿಗ್ಗೆ."

"ಟಿಕೆಟ್ ಮಾರುವಾಗ ಈ ಷರತ್ತು ಎಲ್ಲಿ ಹೇಳಿದ್ರಿ? ತೋರ್ಸಿ."

ಅವರು ಕಾಕನ ಮೊಬೈಲಿನಲ್ಲಿದ್ದ ಟಿಕೆಟನ್ನು ಮೇಲೆ ಕೆಳಗೆ ಸರಿಸಿ ನೋಡಿದರು. ಎಲ್ಲಿಯೂ ಇರಲಿಲ್ಲ.

"ಹಣ ತೆಗೊಂಡ ಮೇಲೆ ಬರೆದದ್ದು ಷರತ್ತಾಗುದಿಲ್ಲ. ಬ್ಲ್ಯಾಕಿನವನನ್ನು ಹಿಡಿಯಿರಿ, ನಾನೇ ದೂರು ಬರೆದುಕೊಡ್ತೇನೆ. ಅವನ ಮೇಲಿನ ಸಿಟ್ಟನ್ನು ಇವರ ಮೇಲೆ ಯಾಕೆ ತೀರಿಸುದು?"

ದನಿ ಏರಿಸಲಿಲ್ಲ, ಕೈ ಬೀಸಲಿಲ್ಲ. ಸಂಘಟಕರು ಸಭ್ಯರು, ತಲೆ ಕೆರೆದುಕೊಂಡು ದಾರಿ ಬಿಟ್ಟರು. ಅಕ್ಕನನ್ನು ಅಲ್ಲೇ ಹೊತ್ತು ಮೆರೆಸಬೇಕೆನ್ನಿಸಿತು.

ಒಳಗೆ ಹೋದರೆ ಮುಂದಿನ ಸಾಲಿನ ಕುರ್ಚಿಗಳ ಮೇಲೆಲ್ಲ ಟವೆಲಿನಂಥ ಬೈರಾಸು. ಕುರ್ಚಿಗೆ ನಂಬರು ಇಲ್ಲದ ಕಡೆ ನಮ್ಮೂರಿನ ಕಾನೂನು ಅದೇ: ಮೊದಲು ಬಂದವನು ಹೆಗಲ ಬೈರಾಸನ್ನು ಹಾಸಿ ಹೋಗುತ್ತಾನೆ, ಮತ್ತೆ ಆ ಜಾಗ ಅವನದು. ಬಸ್ಸಿನಲ್ಲಿ ಸೀಟಿಗೆ ಕಿತ್ತಾಡುವವರೂ ಇನ್ನೊಬ್ಬರ ಬೈರಾಸು ಮುಟ್ಟುವುದಿಲ್ಲ. ಇದರ ಮುಂದೆ ಮೂರು ಪಟ್ಟು ದರದ ಟಿಕೆಟ್ ಏನೂ ಅಲ್ಲ. ಮಗ ಪರದೇಶದಲ್ಲಿ ಇದೊಂದನ್ನು ಮರೆತಿದ್ದ.

ಅಕ್ಕ ನಡುವಿನ ಎರಡು ಕುರ್ಚಿಗಳ ಬೈರಾಸು ಎತ್ತಿದಳು. ಒಂದು ಅವಳದು, ಇನ್ನೊಂದು ನನ್ನದು. ಮಧ್ಯಾಹ್ನದ ಸುಡುಬಿಸಿಲಲ್ಲಿ ಬಂದು ಹಾಸಿ ಹೋದವನು ನಾನು! ನನ್ನನ್ನು ಒಂದು ಮಾತು ಕೇಳಲೂ ಇಲ್ಲ.

ಮಾಮಿಯನ್ನು ಕೂರಿಸಿದ ಮೇಲೆ ಕಾಕ ಸಂಕೋಚದಿಂದ ಜೇಬಿಗೆ ಕೈ ಹಾಕಿದರು. "ಸೀಟಿನದ್ದು ಎಷ್ಟಾಯ್ತು?"

"ಎಂತ ಕಾಕ, ನನ್ನನ್ನೂ ಬ್ಲ್ಯಾಕಿನವಳು ಮಾಡ್ತೀರಾ?"

ನಾವು ಹಿಂದೆ ಗೋಡೆಗೆ ಒರಗಿ ನಿಂತೆವು. ಅಲ್ಲಿ ಸ್ಪೀಕರು ಕೈಕೊಟ್ಟಿತ್ತು. ಅರ್ಧ ಮಾತು ಗಾಳಿಗೆ ಹೋಯಿತು. ಇಷ್ಟಕ್ಕೆ ಬರಬೇಕಿತ್ತೇ ಎಂದು ಗೊಣಗಲು ಅಕ್ಕನ ಕಡೆ ತಿರುಗಿದೆ. ಅಷ್ಟರಲ್ಲಿ ವೇದಿಕೆಯ ಮೇಲೆ ಯಾರೋ ಏನೋ ಹೇಳಿದರು. ಆ ಮಾತು ನನಗೆ ಕೇಳಿಸಲಿಲ್ಲ. ಮಾಮಿ ನಕ್ಕದ್ದು ಕೇಳಿಸಿತು.