ಕಮಲಾ ದೀದಿಯ ಹದಿಮೂರು ಪ್ರಾಂತಗಳು

ಬಾಗಿಲಲ್ಲಿ ಬೂಟು ಬಿಚ್ಚುತ್ತಲೇ ಕಮಲಾ ದೀದಿ ಅವತ್ತಿನ ಹವೆಯನ್ನು ಫಿಜಿ ದೇಶದ ಪ್ರಾಂತಗಳಲ್ಲಿ ಹೇಳುತ್ತಿದ್ದರು. ಅವರು ಟ್ರೈನು ಹತ್ತುವ ಹೇವರ್ಡಿನಲ್ಲಿ ತೇವವಿದ್ದರೆ ‘ಅಲ್ಲಿ ಇವತ್ತು ರೇವಾ’. ಸ್ಯಾನ್ ಹೊಸೆಯ ನಮ್ಮ ಅಪಾರ್ಟ್‌ಮೆಂಟಿನ ಮುಂದೆ ಬಿಸಿಲು ಬಿದ್ದಿದ್ದರೆ ‘ಇಲ್ಲಿ ರಾ’. ಸ್ಯಾನ್ ಫ್ರಾನ್ಸಿಸ್ಕೋ ಅವರ ಪಾಲಿಗೆ ವರ್ಷವಿಡೀ ನಮೋಸಿ: ಗುಡ್ಡ, ಮಂಜು, ಒಣಗದ ಬಟ್ಟೆ. ಅವರು ಹುಟ್ಟಿದ್ದು ರಾ ಪ್ರಾಂತದ ಕಬ್ಬಿನ ಸೀಮೆಯಲ್ಲಿ. ಹಾಗಾಗಿ ಒಳ್ಳೆಯ ಹವೆಯೆಲ್ಲ ರಾ ಪಾಲಿಗೇ ಹೋಗುತ್ತಿತ್ತು.

ಅಪ್ಪನಿಗೆ ಪಾರ್ಶ್ವವಾಯು ಹೊಡೆದ ವರ್ಷ, ಹಗಲು ಹೊತ್ತು ಅವನನ್ನು ನೋಡಿಕೊಳ್ಳಲು ಬಂದವರು ಅವರು. ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಿದ್ದರು ಎಂದು ನನ್ನ ನೆನಪು. ಆ ವರ್ಷ ನಾನು ಬರೆದಿಟ್ಟ ಡೈರಿಯಲ್ಲಿ ಪೆನ್ಸಿಲಿನ ಸುದ್ದಿಯೇ ಇಲ್ಲ. ಒಮ್ಮೆ ಕಂಡದ್ದನ್ನೇ ನಾನು ದಿನದ ಅಭ್ಯಾಸ ಮಾಡಿಬಿಟ್ಟಿರಬಹುದು. ಅವರಾಡುತ್ತಿದ್ದುದು ಫಿಜಿಯ ಹಿಂದಿ, ಅಪ್ಪನದು ವಿಜಯಪುರದ ಹಿಂದಿ. ಅವರ ಮಾತನ್ನು ಇಲ್ಲಿ ಕನ್ನಡ ಮಾಡುತ್ತಿದ್ದೇನೆ. ಅದರಲ್ಲಿ ಎಷ್ಟು ಅವರದು, ಎಷ್ಟು ನನ್ನದು ಎಂದು ಆಣೆ ಮಾಡಿ ಹೇಳಲಾರೆ.

ಅಪ್ಪ ತಹಶೀಲ್ದಾರನಾಗಿ ನಿವೃತ್ತನಾದವನು. ಪಾರ್ಶ್ವವಾಯುವಿನ ನಂತರ ಅವನಿಗೆ ಎಲ್ಲ ತಿಳಿಯುತ್ತಿತ್ತು, ಬಾಯಿಗೆ ಮಾತ್ರ ಬೇರೆ ಪದ ಬರುತ್ತಿತ್ತು. ಒಂದು ದಿನ ನೀರು ಕೇಳಲು ಹೋಗಿ ‘ಚಾವಿ’ ಎಂದ. ನಕ್ಕವಳು ನನ್ನ ಮಗಳು ಎಂದು ಡೈರಿಯಲ್ಲಿ ಬರೆದಿದ್ದೇನೆ. ನಾನೂ ನಕ್ಕಿರಬಹುದು. ಅಂದಿನಿಂದ ಅವನು ಬಾಯಿ ಮುಚ್ಚಿದ. ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟು ಸೇಬು, ಚೆಂಡಿನ ಚಿತ್ರ ತೋರಿಸಿದರೆ ಗೋಡೆಯ ಕಡೆ ತಿರುಗುತ್ತಿದ್ದ. ಮೊದಲ ಕೆಲವು ತಿಂಗಳು ಕಳೆದುಕೊಂಡರೆ ಈ ಮೌನವೇ ಗಟ್ಟಿಯಾಗಬಹುದು ಎಂದು ಅವಳು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು.

ದೀದಿ ಅಪ್ಪನಿಗೆ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ‘ಕೇಳಿದರೆ ಪರೀಕ್ಷೆ ಆಗ್ತದೆ ಬೇಟಿ. ನಾವು ಹೇಳ್ತಾ ಇರಬೇಕು, ಬೇಕಾದರೆ ಅವರು ನಡುವೆ ಬಾಯಿ ಹಾಕಲಿ’ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಮೊಸರನ್ನ ತಿನ್ನಿಸುತ್ತ ತಮ್ಮ ದೇಶದ ಆಡಳಿತ ವಿವರಿಸುತ್ತಿದ್ದರು: ನಾಲ್ಕು ವಿಭಾಗ, ಹದಿನಾಲ್ಕು ಪ್ರಾಂತ, ಪ್ರಾಂತದ ಕೆಳಗೆ ತಿಕಿನಾ, ತಿಕಿನಾದ ಕೆಳಗೆ ಊರು. ಚಮಚ ಬಾಯಿಯ ಹತ್ತಿರ ಇರುವಾಗಲೇ ಅಪ್ಪ ಸ್ಪಷ್ಟವಾಗಿ, ‘ಹೋಬಳಿ’ ಎಂದ.

ಇದೂ ತಪ್ಪು ಪದವೇ ಎಂದುಕೊಂಡೆ. ದೀದಿ, ‘ಕೌನ್ಚಿ, ಬಾಬೂಜಿ?’ ಎಂದರು. ಏನು ಎಂಬುದಕ್ಕೆ ಅವರ ಹಿಂದಿಯಲ್ಲಿ ಹಾಗೆನ್ನುತ್ತಾರೆ. ಅಪ್ಪ ಚೆನ್ನಾಗಿದ್ದ ಎಡಗೈ ಎತ್ತಿ ಗಾಳಿಯಲ್ಲಿ ಒಂದೊಂದೇ ಮೆಟ್ಟಿಲು ಇಳಿಸಿದ. ಜಿಲ್ಲಾ. ತಾಲೂಕು. ಹೋಬಳಿ. ಹಳ್ಳಿ. ತಿಕಿನಾ ಎಂದರೆ ನಮ್ಮ ಹೋಬಳಿ ಎಂದು ಅವನು ಹೇಳುತ್ತಿದ್ದ. ಅಡುಗೆಮನೆಯಲ್ಲಿ ನಲ್ಲಿ ಹರಿಯುತ್ತಿತ್ತು, ನಿಲ್ಲಿಸುವುದು ನನಗೆ ಹೊಳೆಯಲಿಲ್ಲ.

ಮರುದಿನದಿಂದ ನಮ್ಮ ಊಟದ ಟೇಬಲ್ಲು ಕಚೇರಿಯಾಯಿತು. ದೀದಿ ಗ್ರೋಸರಿ ಅಂಗಡಿಯ ಜಾಹೀರಾತು ಹಾಳೆಯ ಹಿಂಬದಿಯಲ್ಲಿ ದ್ವೀಪಗಳನ್ನು ಬರೆದರು. ತಾಲೂಕೇ ಇಲ್ಲದೆ ದೇಶ ಹೇಗೆ ನಡೆಯುತ್ತದೆ ಎಂಬುದು ಅಪ್ಪನ ತಕರಾರು. ಪೂರ್ವ ವಿಭಾಗದ ಲಾವು ಪ್ರಾಂತ ಸಮುದ್ರದಲ್ಲಿ ಸಾಸಿವೆಯಂತೆ ಚೆಲ್ಲಿಕೊಂಡಿತ್ತು. ಅದರ ಮೇಲೆ ಬೆರಳಿಟ್ಟು, ಅಲ್ಲಿಗೆ ತಪಾಸಣೆಗೆ ಹೋಗುವವರು ಯಾರು ಎಂದು ತಡವರಿಸುತ್ತಲೇ ಕೇಳಿದ.

‘ಸರ್ಕಾರಿ ದೋಣಿ ಹೋಗ್ತದೆ ಬಾಬೂಜಿ, ಎಂಜಿನ್ನಿಗೆ ಮನಸ್ಸು ಬಂದ ದಿನ.’

‘ಹಂಗಾರ ನನಗ ಆ ಪೋಸ್ಟಿಂಗ್ ಬ್ಯಾಡ’ ಎಂದ ಅಪ್ಪ.

ದಿನವೂ ದೀದಿ ಪ್ರಾಂತಗಳನ್ನು ಒಪ್ಪಿಸುವುದು, ದಿನವೂ ಹದಿಮೂರಕ್ಕೆ ನಿಲ್ಲುವುದು. ಒಂದು ದಿನ ಸೆರುವಾ ಬಿಟ್ಟರೆ ಇನ್ನೊಂದು ದಿನ ಬುವಾ. ಬೆರಳು ಮಡಚುತ್ತ ಕೂತಿರುತ್ತಿದ್ದ ಅಪ್ಪ ಬಿಟ್ಟುಹೋದದ್ದನ್ನು ಹಿಡಿಯುತ್ತಿದ್ದ; ಅವರ ಮರೆವಿನ ಬಗ್ಗೆ ನನ್ನ ಹತ್ತಿರ ದೂರನ್ನೂ ಕೊಡುತ್ತಿದ್ದ. ನಿಜಕ್ಕೂ ಮರೆಯುತ್ತೀರಾ ಎಂದು ನಾನು ದೀದಿಯನ್ನು ಕೇಳಿದ್ದುಂಟು. ‘ಹದಿಮೂರು ನನ್ನ ಕೆಲಸ, ಒಂದು ಅವರದು’ ಎಂದರು.

ಒಮ್ಮೆ ಅಪ್ಪ, ರಾ ಪ್ರಾಂತದ ದಫ್ತರದಲ್ಲಿ ದೀದಿಯ ಹೆಸರು ಎಲ್ಲಿದೆ ಎಂದು ಕೇಳಿಬಿಟ್ಟ. ನನಗೆ ಮುಜುಗರವಾಯಿತು. ದೀದಿ ಮಾತ್ರ ಅವನ ಅಂಗಿಯ ಗುಂಡಿ ಹಾಕುತ್ತಲೇ ಉತ್ತರ ಹೇಳಿದರು. ಪ್ರಾಂತದ ಸಭೆ ಅಲ್ಲಿನ ಮೂಲನಿವಾಸಿಗಳದು. ಇವರ ಮುತ್ತಜ್ಜ ಕಬ್ಬು ಕಡಿಯಲು ಭಾರತದಿಂದ ಹಡಗಿನಲ್ಲಿ ಹೋದವನು, ಆ ಪಟ್ಟಿಯಲ್ಲಿ ಇವರಿಲ್ಲ. ‘ಆದರೆ ಶಾಲೆಯಲ್ಲಿ ಹದಿನಾಲ್ಕನ್ನೂ ಬಾಯಿಪಾಠ ಮಾಡಿದ್ದೀನಲ್ಲ. ಅದನ್ನು ಯಾವ ದಫ್ತರದಿಂದ ಹೊಡೆದು ಹಾಕ್ತಾರೆ?’ ಅಪ್ಪ ಬಹಳ ಹೊತ್ತು ತಲೆಯಾಡಿಸಿದ. ಅಂದಿನಿಂದ ಅವನು ಅವರನ್ನು ಬಹುವಚನದಲ್ಲಿ ಕರೆಯತೊಡಗಿದ ಎಂದು ನನ್ನ ಭಾವನೆ. ಮೊದಲಿನಿಂದಲೂ ಹಾಗೇ ಕರೆಯುತ್ತಿದ್ದ ಎನ್ನುತ್ತಾನೆ ನನ್ನ ಗಂಡ.

ಸ್ಯಾಕ್ರಮೆಂಟೋದಲ್ಲಿದ್ದ ತಮ್ಮ ಮಗಳಿಗೆ ಹೆರಿಗೆ ಹತ್ತಿರವಾಗಿ ದೀದಿ ಅಲ್ಲಿಗೇ ಹೋಗಿ ಇರುವುದೆಂದಾಯಿತು. ಅಪ್ಪ ಮತ್ತೆ ಗೋಡೆಯ ಕಡೆ ತಿರುಗಿಬಿಟ್ಟರೆ ಎಂಬ ಹೆದರಿಕೆಯಲ್ಲಿ ಇನ್ನೊಂದು ತಿಂಗಳು ನಿಲ್ಲಿ ಎಂದು ಕೇಳಿಕೊಳ್ಳುವವಳಿದ್ದೆ. ಕೊನೆಯ ದಿನ ಅಪ್ಪನೇ, ‘ಚಾರ್ಜ್ ಕೊಡಬೇಕು’ ಎಂದ. ಅವನ ಇಲಾಖೆಯಲ್ಲಿ ವರ್ಗವಾದ ಅಧಿಕಾರಿ ಮುಂದಿನವರಿಗೆ ಎಲ್ಲವನ್ನೂ ಒಪ್ಪಿಸದೆ ಹೊರಡುವಂತಿರಲಿಲ್ಲ.

ನಮ್ಮಿಬ್ಬರನ್ನೂ ಟೇಬಲ್ಲಿನ ಎದುರುಬದುರು ಕೂರಿಸಿದ. ದೀದಿ ಒಂದೊಂದೇ ವಸ್ತು ಮುಂದೆ ತಳ್ಳಬೇಕು, ಅಪ್ಪ ಹೆಸರು ಹೇಳಬೇಕು, ನಾನು ‘ಬಂತು’ ಎನ್ನಬೇಕು. ‘ಗುಳಿಗಿ. ಮುಂಜಾನೆ ಎರಡು, ರಾತ್ರಿ ಒಂದು.’ ಬಂತು. ಊರುಗೋಲಿಗೆ, ‘ಬಡಗಿ.’ ಬಂತು. ಬಲಗೈಯಲ್ಲಿ ಹಿಸುಕಲು ಕೊಟ್ಟಿದ್ದ ರಬ್ಬರಿನ ಚೆಂಡು ಬಂದಾಗ ಅವನ ಮಾತು ನಿಂತಿತು. ನನ್ನ ನಾಲಿಗೆಯ ತುದಿಯಲ್ಲಿ ಪದವಿತ್ತು. ದೀದಿ ಕಣ್ಣಲ್ಲೇ ಬೇಡವೆಂದರು. ಕೊನೆಗೆ ಅಪ್ಪ, ‘ಅದು ನನ್ನ ಕೈ’ ಎಂದ. ಬಂತು ಎಂದೆ. ಹೊರಡುವಾಗ ದೀದಿ ಆ ಏಳದ ಬಲಗೈಯನ್ನೇ ಎತ್ತಿ ಕುಲುಕಿದರು. ಅವರನ್ನು ನಾನು ಮತ್ತೆ ನೋಡಿಲ್ಲ.

ಹೊಸಬರು ಸಿಗುವ ತನಕ ನನ್ನ ಗಂಡ ಮನೆಯಿಂದಲೇ ಆಫೀಸಿನ ಕೆಲಸ ಮಾಡುವುದೆಂದಾಯಿತು. ಮರುದಿನ ಮಧ್ಯಾಹ್ನ, ನಾನು ಕೆಲಸ ಮಾಡುವ ಲೈಬ್ರರಿಯಿಂದ ಮನೆಯ ಫೋನಿಗೆ ಕರೆ ಮಾಡಿದೆ. ಅವನು ಮೀಟಿಂಗಿನಲ್ಲಿದ್ದನೋ ಏನೋ, ಬಹಳ ಹೊತ್ತು ರಿಂಗಾಯಿತು. ಇಡಬೇಕು ಎನ್ನುವಷ್ಟರಲ್ಲಿ ಆ ಕಡೆ ಯಾರೋ ಉಸಿರು ಕೂಡಿಸಿಕೊಳ್ಳುವುದು ಕೇಳಿಸಿತು.

‘ಕಮಲಾಬಾಯಿ ಅವರಿಗೆ… ವರ್ಗ ಆಗೇತಿ’ ಎಂದ ಅಪ್ಪ. ‘ಈಗ ನಾನಽ ಮಾತಾಡಾಕತ್ತೀನಿ. ಏನ್ ಬೇಕಾಗಿತ್ತು?’